ಚಿಪ್ಪು ಜಾರುವ ಗಳಿಗೆ

ಯಶೋಧರಾ ಮದುವೆಯಾಗಿ ಸಪ್ತಾಪುರದ ಮನೆಗೆ ಬಂದಾಗಿನಿಂದ ಒಂದು ಸಂಗತಿಯನ್ನು ಬಚ್ಚಿಟ್ಟುಕೊಂಡಿದ್ದಳು. ಅವಳ ಬಲಗಾಲಿನ ಮೊಣಕಾಲ ಚಿಪ್ಪು ಆಗಾಗ ಜಾರುತ್ತಿತ್ತು. ಕಾಲು ಚಾಚುವಾಗ ಸರಕ್ಕನೆ ಪಕ್ಕಕ್ಕೆ ಹೋಗಿ, ಜೀವ ಹೋದಂಥ ನೋವು ಕೊಟ್ಟು, ತಾನಾಗಿಯೇ ಮರಳಿ ಬಂದು ಕೂತುಬಿಡುತ್ತಿತ್ತು. ಹೈಸ್ಕೂಲಿನಲ್ಲಿ ಖೋಖೋ ಆಡುವಾಗ ಶುರುವಾದದ್ದು. ಎಕ್ಸ್‌ರೇ ತೆಗೆಸಿದಾಗಲೆಲ್ಲ ಚಿಪ್ಪು ಸಂಭಾವಿತನಂತೆ ತನ್ನ ಜಾಗದಲ್ಲೇ ಇರುತ್ತಿತ್ತು. "ಏನೂ ಆಗಿಲ್ಲ, ಬರೇ ಹೆದರಿಕಿ" ಎಂದು ತವರಿನಲ್ಲಿ ಎಲ್ಲರೂ ಹೇಳಿದರು. ಕೇಳಿ ಕೇಳಿ ಅವಳಿಗೂ ಹಾಗೇ ಅನಿಸತೊಡಗಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಅತ್ತೆ ಶೇವಂತೆವ್ವನ ಎದುರಿಗೇ ಅದು ಜಾರಿತು. ಹಿತ್ತಲಲ್ಲಿ ಬಟ್ಟೆ ಒಣಹಾಕಿ ತಿರುಗಿದ ಸೊಸೆ ಚೀರಿ ಕುಸಿದಳು. ಶೇವಂತೆವ್ವ ಓಡಿ ಬಂದು ಸೀರೆ ಸರಿಸಿ ನೋಡಿದರೆ, ಮೊಣಕಾಲು ಸೊಟ್ಟಗಾಗಿತ್ತು. ನೋಡುತ್ತಿದ್ದಂತೆಯೇ ಚಿಪ್ಪು ಒಳಗೆ ಸರಿಯಿತು.

"ಯವ್ವಾ, ಇದು ಎಂದಿನಿಂದ ಐತಿ?"

"ಸಣ್ಣಾಕಿದ್ದಾಗಿಂದರಿ ಅತ್ತಿ. ಯಾರೂ ನಂಬಂಗಿಲ್ಲ ಅಂತ ಹೇಳಲಿಲ್ಲರಿ."

"ನಾ ಕಣ್ಣಾರೆ ನೋಡೇನಲ್ಲ, ನಂಬೋದೇನು ಬಂತು? ನಡಿ, ದವಾಖಾನಿಗೆ ಹೋಗೂಣು."

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಪ್ರಭಾವತಿ ಮೊಣಕಾಲ ಚಿಪ್ಪಿನ ಚಲನೆಯ ಬಗ್ಗೆಯೇ ಅಧ್ಯಯನ ನಡೆಸುತ್ತಿದ್ದರು. ಕಾಲು ಸುಮ್ಮನಿದ್ದಾಗ ತೆಗೆದ ಚಿತ್ರದಲ್ಲಿ ಈ ದೋಷ ಸಿಕ್ಕುವುದಿಲ್ಲ, ಎಂಆರ್‌ಐ ಯಂತ್ರದೊಳಗೆ ಮಲಗಿ ಮೊಣಕಾಲನ್ನು ಮಡಚಿ ಮೆಲ್ಲಗೆ ಚಾಚಬೇಕು ಎಂದರು. ಯಶೋಧರಾಳ ಮುಖ ಬಿಳಿಚಿತು. ಹಾಗೆ ಚಾಚುವುದಕ್ಕೇ ಅಲ್ಲವೇ ಅವಳು ಇಷ್ಟು ವರ್ಷ ಅಂಜಿದ್ದು!

ಶೇವಂತೆವ್ವ ಅವಳನ್ನೇ ನೋಡಿದಳು. ಆಮೇಲೆ ಡಾಕ್ಟರ ಕಡೆಗೆ ತಿರುಗಿ, "ಬಾಯಾರ, ಮೊದಲ ನಂದು ತಗೀರಿ. ಲಕಮನಹಳ್ಳಿ ಫ್ಯಾಕ್ಟರ್ಯಾಗ ನಿಂತ ದುಡದ ಕಾಲು ಇವು, ಇನ್ನೂ ಗಟ್ಟಿ ಅದಾವ" ಎಂದಳು.

ಪ್ರಭಾವತಿ ನಕ್ಕರು. "ಬರ್ರಿ. ಹೋಲಿಸಿ ನೋಡಾಕ ನಮಗ ಛಲೋ ಮೊಣಕಾಲೂ ಬೇಕ್ರಿ."

ಶೇವಂತೆವ್ವ ಮೂಗುತಿ ಬಿಚ್ಚಿ ಸೊಸೆಯ ಅಂಗೈಯಲ್ಲಿಟ್ಟು ಒಳಗೆ ಹೋದಳು. ಗಾಜಿನ ಈಚೆ ಕೂತ ಯಶೋಧರಾ ಪರದೆಯ ಮೇಲೆ ಅತ್ತೆಯ ಮೊಣಕಾಲನ್ನು ಕಂಡಳು. ತೊಡೆಯೆಲುಬಿನ ತುದಿಯ ತಗ್ಗಿನಲ್ಲಿ ಚಿಪ್ಪು ಮೇಲೆ ಕೆಳಗೆ ನೆಟ್ಟಗೆ ಓಡಾಡುತ್ತಿತ್ತು. ಹೊರಗೆ ಬಂದ ಶೇವಂತೆವ್ವ, "ಬರೇ ಗದ್ದಲ, ಮತ್ತೇನಿಲ್ಲ. ಹೋಗಿ ಬಾ, ನಾ ಇಲ್ಲೇ ಅದೇನಿ" ಎಂದು ಅವಳ ಬೆನ್ನು ಸವರಿದಳು.

ಯಶೋಧರಾ ಹಲ್ಲು ಕಚ್ಚಿಕೊಂಡು ಕಾಲು ಚಾಚಿದಳು.

ಆಮೇಲೆ ಪ್ರಭಾವತಿ ಇಬ್ಬರಿಗೂ ಆ ಚಿತ್ರ ತೋರಿಸಿದರು. ಯಶೋಧರಾಳ ತೊಡೆಯೆಲುಬಿನ ತಗ್ಗು ಅಂಗೈಯಷ್ಟು ಸಪಾಟಾಗಿತ್ತು. ಕಾಲು ಪೂರ್ತಿ ನೆಟ್ಟಗಾಗುವ ಹೊತ್ತಿಗೆ ಚಿಪ್ಪು ದಾರಿ ಬಿಟ್ಟು ಹೊರಕ್ಕೆ ವಾಲಿತು.

"ಇದು ಹೆದರಿಕಿ ಅಲ್ಲರಿ. ಚಿಪ್ಪು ಹಿಡದಿಡೋ ಒಳಗಿನ ಪಟ್ಟಿ ಹರದೈತಿ. ಹೊಸಾದು ಕೂಡಸಬಹುದು."

ಯಶೋಧರಾಳಿಗೆ ಅಳು ಉಕ್ಕಿ ಬಂತು. ನೋವಿಗೆ ಬಂದ ಅಳುವಲ್ಲ ಅದು. ಶೇವಂತೆವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಇಷ್ಟ ವರ್ಷ ಒಬ್ಬಾಕಿನ ತಾಳಿಕೊಂಡಿಯಲ್ಲ, ಮಗಳ" ಎಂದಳು.

ದೀಪಾವಳಿ ಮುಗಿದ ಮೇಲೆ ಆಪರೇಷನ್ ಆಯಿತು. ಗಂಡ ಅಂಬರೀಷ ಕಾಲೇಜಿಗೆ ರಜೆ ಹಾಕಿ ಜೊತೆಗಿದ್ದ. ಅವನ ರಜೆ ಮುಗಿದ ಮೇಲೆ ವ್ಯಾಯಾಮ ಮಾಡಿಸುವ ಕೆಲಸ ಶೇವಂತೆವ್ವನ ಪಾಲಿಗೆ ಬಂತು. ಒಂದು ಮುಂಜಾನೆ ಅವಳು ಸೊಸೆಯ ಹಿಮ್ಮಡಿಯ ಕೆಳಗೆ ಕೈಯಿಟ್ಟು, "ಸಾವಕಾಶ ಚಾಚು" ಎಂದಳು. ಯಶೋಧರಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಚಾಚಿದಳು, ಆ ಹಳೆಯ ನೋವಿಗಾಗಿ ಕಾದಳು. ಅದು ಬರಲಿಲ್ಲ.

"ಕಣ್ಣ ತಗಿ, ಹುಚ್ಚಿ" ಎಂದಳು ಶೇವಂತೆವ್ವ. "ಕಾಲು ನೆಟ್ಟಗಾಗಿ ಆಗಲೇ ಎಷ್ಟೊತ್ತಾತು!"