ಅರ್ಧ ಡಿಗ್ರಿ

ತೀರಿಕೊಂಡ ಹೆಂಡತಿಯ ತಲೆಯ ಬಳಿ ಹಾಕಿದ್ದ ಕುರ್ಚಿಯನ್ನು ದರ್ಜಿ ಕಾಲಿನಿಂದಲೇ ಹಿಂದಕ್ಕೆ ತಳ್ಳಿದ. ಅದರಲ್ಲಿ ಕೂರಲು ಬಂದಿದ್ದವನು ಆಯಸ್ಕಾಂತ, ಅವಳ ಜೊತೆ ಲ್ಯಾಬಿನಲ್ಲಿ ಇಷ್ಟು ವರ್ಷ ಒಂದೇ ಮೇಜಿನಲ್ಲಿ ದುಡಿದವನು. ಆ ಅಡ್ಡಹೆಸರು ಇಟ್ಟದ್ದು ದರ್ಜಿಯೇ, ಹೊಟ್ಟೆಯುರಿ ತಾಳಲಾರದೆ.

"ಸಾವಿನ ಮನೇಲಿ ಇದೇನೋ ನಿಂದು," ದರ್ಜಿಯ ಅಕ್ಕ ಮೆಲ್ಲಗೆ ಗದರಿದಳು. "ಪಾಪ, ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದ್ದಾನೆ."

"ಅದೇ ಕಣಕ್ಕ. ಗಂಡ ಯಾರು ಅಂತ ಬಂದವರಿಗೆ ಅನುಮಾನ ಬರ್ಬೇಕು, ಹಂಗೆ ಅಳ್ತಿದ್ದಾನೆ."

ದರ್ಜಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಕಾಯಿಲೆಯ ಸುದ್ದಿ ಈ ಮನುಷ್ಯನಿಗೆ ತನಗಿಂತ ಮೊದಲೇ ಗೊತ್ತಿತ್ತೆಂದು ಲ್ಯಾಬಿನವರೊಬ್ಬರು ಮಾತಿನ ಮಧ್ಯೆ ಬಾಯಿಬಿಟ್ಟಿದ್ದರು. ಬೆಳಗಿನಿಂದ ಅದೇ ಅವನನ್ನು ಕೊರೆಯುತ್ತಿತ್ತು.

*

ಕಾಯಿಲೆಗೆ ಮುಂಚೆ ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಲ್ಯಾಬಿನ ಮಾತು ಶುರುಮಾಡಿದ್ದಳು. ಅವಳ ಕೆಲಸ ಒಂದು ಪಾಲಿಮರ್ ದ್ರಾವಣದ ಮೇಲೆ. ತಣ್ಣಗಿದ್ದಾಗ ಅದು ತಿಳಿ, ಬೆಚ್ಚಗಾದರೆ ಬಿಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಅದಕ್ಕೆ ಬೆರೆಸಿ, ಎರಡು ಆಯಸ್ಕಾಂತಗಳ ನಡುವೆ ಇಟ್ಟು ಕಾಯಿಸುತ್ತಿದ್ದರು.

"ಇವತ್ತು ಬೆಳ್ಳಗಾಗೋದು ಅರ್ಧ ಡಿಗ್ರಿ ತಡ ಆಯ್ತು ರೀ."

"ನಾನು ದಿನಾ ಅರ್ಧ ಗಂಟೆ ತಡ ಮಾಡಿ ಬರ್ತೀನಿ. ಅದಕ್ಕೆ ನೀನು ಇಷ್ಟು ಖುಷಿ ಪಟ್ಟಿದ್ದು ಕಾಣೆ."

ಅವಳು ನಕ್ಕಳು. ನಗುತ್ತಲೇ ಫೋನೆತ್ತಿಕೊಂಡು ಬಾಲ್ಕನಿಗೆ ಹೋಗಿ, ಅದೇ ಅರ್ಧ ಡಿಗ್ರಿಯ ಬಗ್ಗೆ ಆಯಸ್ಕಾಂತನ ಜೊತೆ ಊಟ ಆರುವವರೆಗೂ ಮಾತಾಡಿದಳು. ದರ್ಜಿಗೆ ಮೈಯೆಲ್ಲ ಉರಿಯಿತು. ತನ್ನ ಜೊತೆ ಅವಳು ಯಾವುದರ ಬಗ್ಗೆಯೂ ಅಷ್ಟು ಹೊತ್ತು ಮಾತಾಡಿದ್ದಿಲ್ಲ.

*

ಹಿಂದಕ್ಕೆ ತಳ್ಳಿದ ಕುರ್ಚಿಯ ಪಕ್ಕ ನಿಂತೇ ಆಯಸ್ಕಾಂತ ಕೈಚೀಲದಿಂದ ಮುಚ್ಚಳ ಹಾಕಿದ ಸಣ್ಣ ಗಾಜಿನ ಕೊಳವೆ ತೆಗೆದ. ಒಳಗೆ ತಿಳಿ ಚಹಾದ ಬಣ್ಣದ ದ್ರಾವಣ.

"ಅವರೇ ಕೈಯಾರೆ ಮಾಡಿದ್ದು. ಅವರ ಜೊತೇಲಿ ಇಡ್ಬಹುದಾ?"

"ಮೊದಲು ಇದು ಹೇಳಿ. ಕಾಯಿಲೆ ವಿಷಯ ನನ್ನ ಬಿಟ್ಟು ನಿಮಗ್ಯಾಕೆ ಹೇಳಿದ್ಲು?"

"ಅವರು ಹೇಳ್ಲಿಲ್ಲ, ಇದು ಹೇಳ್ತು. ಅವರ ಕೈ ಯಾವಾಗಲೂ ತಣ್ಣಗಲ್ವಾ? ನಾವು ಹಿಡಿದ್ರೆ ಇದು ಬೆಳ್ಳಗಾಗ್ತಿತ್ತು, ಅವರು ಹಿಡಿದ್ರೆ ಇಲ್ಲ. ಒಂದಿನ ಅವರ ಕೈಲೂ ಆಯ್ತು. ದ್ರಾವಣ ಕೆಟ್ಟಿದೆ ಅಂತ ಇಬ್ಬರೂ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ವಿ. ಜ್ವರ ಅಂತ ಹೊಳೀಲೇ ಇಲ್ಲ. ವಾರ ಕಳೆದ್ರೂ ಹಾಗೇ ಆಗ್ತಿತ್ತು, ಕೇಳಿದಾಗ ಅತ್ತುಬಿಟ್ರು. 'ನಮ್ಮನೆಯವರಿಗೆ ಹೇಳ್ಬೇಡಿ, ಊಟ ಬಿಟ್ಟು ಕೂತ್ಬಿಡ್ತಾರೆ' ಅಂದ್ರು."

ದರ್ಜಿ ಅವಳ ಪಕ್ಕದಲ್ಲೇ ಮಲಗುತ್ತಿದ್ದ. ಮುನಿಸಿಕೊಂಡು ಆ ಕೈಯನ್ನು ಹಿಡಿದೇ ಎಷ್ಟೋ ಕಾಲವಾಗಿತ್ತು. ಈಗ ಅವನ ಹೊಟ್ಟೆಕಿಚ್ಚೆಲ್ಲ ಆ ಗಾಜಿನ ಕೊಳವೆಯ ಮೇಲೆ ತಿರುಗಿತು.

"ಕೊಡಿ ಇಲ್ಲಿ," ಎಂದು ಕಸಿದುಕೊಂಡು ಮುಷ್ಟಿ ಬಿಗಿದ. ಬಿಡಿಸಿ ನೋಡಿದರೆ ಒಳಗೆ ಹಾಲು ಬೆರೆಸಿದ ಹಾಗಾಗಿತ್ತು.

"ಸ್ವಲ್ಪ ಹೊತ್ತು ಎಲ್ಲರೂ ಆಚೆ ಇರಿ. ನೀವೂನೂ."

ಬಾಗಿಲು ಮುಚ್ಚಿದ ಮೇಲೆ ಕೊಳವೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಬಿಳಿ ಮೆಲ್ಲಗೆ ಕರಗಿ ಎಲ್ಲ ತಿಳಿಯಾಯಿತು. ಅದನ್ನು ತೆಗೆದು ತನ್ನ ಕೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಅವಳ ಕೈಗಿಟ್ಟ. ಮತ್ತೆ ತಿಳಿಯಾಯಿತು.

ಗಾಡಿ ಬಂತು ಎಂದು ಅಕ್ಕ ಬಾಗಿಲು ತಟ್ಟಿದಾಗ ಅವನು ಅದನ್ನು ಮತ್ತೊಮ್ಮೆ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು, ಬಾಯಿಯ ಬಿಸಿ ಉಸಿರು ಊದುತ್ತಿದ್ದ.