ಮರೆತ ಗೋಡೆಗಳ ಲೆಕ್ಕ

ಯಾವ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆಂದು ಲೆಕ್ಕ ಹಾಕುವುದು ಅವಳ ಕೆಲಸ. ಈ ಸಲದ ಲೆಕ್ಕ ಮಾತ್ರ ಸ್ವಂತ ಅಕ್ಕನ ಮನೆಗೇ ಬಂದು ಮುಟ್ಟಿತ್ತು. ಉಬ್ಬಸವಿರುವ ಮಕ್ಕಳ ತಾಯಂದಿರು, ಇಲ್ಲದ ಮಕ್ಕಳ ತಾಯಂದಿರು ಎಂದು ಎರಡು ಗುಂಪು ಮಾಡಿ ಸಮೀಕ್ಷೆ ನಡೆಸಿದ್ದಳು. ಬಸುರಿಯಿದ್ದಾಗ ಮನೆಗೆ ಬಣ್ಣ ಬಳಿಸಿದವರ ಮಕ್ಕಳಲ್ಲಿ ಉಬ್ಬಸ ಎರಡು ಪಟ್ಟು ಹೆಚ್ಚು ಎಂದು ಕಂಪ್ಯೂಟರ್ ಹೇಳಿಬಿಟ್ಟಿತು. ಮೇಲಧಿಕಾರಿ ಹಿರಿಹಿರಿ ಹಿಗ್ಗಿದರು. ಇವಳಿಗೆ ಅಕ್ಕ ನೆನಪಾದಳು.

ಅಕ್ಕನ ಮಗಳಿಗೆ ಉಬ್ಬಸ. ತುಂಬು ಬಸುರಿಯಾಗಿದ್ದಾಗ ಅಕ್ಕ ತಾನೇ ಬ್ರಷ್ ಹಿಡಿದು ಮಗುವಿನ ಕೋಣೆಗೆ ಹಳದಿ ಬಳಿದಿದ್ದಳು. ಹುಡುಗಿ ಕೆಮ್ಮಿದಾಗಲೆಲ್ಲ "ನನ್ನ ಕೈಯಾರೆ ಮಾಡಿದ್ದು" ಎಂದು ಕೊರಗುತ್ತಿದ್ದಳು. "ನಿನ್ನ ಲೆಕ್ಕ ಏನೇ ಬರ್ಲಿ, ಮುಚ್ಚಿಡ್ದೆ ನಂಗೆ ಹೇಳ್ಬೇಕು" ಎಂದು ತಂಗಿಯಿಂದ ಮಾತು ಬೇರೆ ತೆಗೆದುಕೊಂಡಿದ್ದಳು.

ಊಟಕ್ಕೆ ಕೂತು ಸುಮ್ಮನೆ ತಟ್ಟೆ ಕೆದಕುತ್ತಿದ್ದ ಹೆಂಡತಿಯನ್ನು ಗಂಡ ಏನೆಂದು ವಿಚಾರಿಸಿದ. ಎಲ್ಲ ಕೇಳಿ, "ಹಾಗಾದ್ರೆ ನಮ್ಮ ಹುಡುಗನಿಗೂ ಬರ್ಬೇಕಿತ್ತಲ್ಲ?" ಎಂದ.

"ನಾವೆಲ್ಲಿ ಬಣ್ಣ ಹೊಡೆಸಿದ್ವಿ?"

"ಅಯ್ಯೋ ಮಹಾರಾಯ್ತಿ! ಅಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ನಡುಮನೇಲಿ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಈ ಹಸಿರು ಬೇಡ, ಆ ಹಸಿರು ಬೇಡ ಅಂತ ಪೇಂಟರ್ ಪ್ರಾಣ ತಿಂದಿದ್ದೆ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಸಮೀಕ್ಷೆಗೆ ಮುಂಚೆ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡು ನೋಡಿದ್ದಳು. ಬಣ್ಣದ ಪ್ರಶ್ನೆಗೆ ಎದೆ ತಟ್ಟಿ "ಇಲ್ಲ" ಎಂದಿದ್ದಳು. ಮಗ ಗುಂಡುಕಲ್ಲಿನ ಹಾಗಿದ್ದಾನೆ, ಗೋಡೆಯನ್ನು ನೆನಪಿಟ್ಟುಕೊಳ್ಳುವ ಗರಜೇನಿತ್ತು? ಮಗು ನರಳುವುದನ್ನು ಕಂಡ ತಾಯಿಯೋ, ಕುಂಬಳಕಾಯಿ ಕಳ್ಳ ಎಂದರೆ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವವಳು. ನೆನಪು ಹೀಗೆ ಲೆಕ್ಕ ತಪ್ಪಿಸುತ್ತದೆಂದು ಕಿರಿಯರಿಗೆ ಪಾಠ ಮಾಡುವವಳಿಗೇ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ.

ಮರುದಿನವೇ ಎರಡೂ ಗುಂಪಿನಿಂದ ಒಂದಷ್ಟು ಮನೆಗಳನ್ನು ಆರಿಸಿಕೊಂಡಳು. ತಾಯಂದಿರನ್ನು ಬಿಟ್ಟು ಗಂಡಂದಿರನ್ನು, ಮನೆ ಮಾಲೀಕರನ್ನು, ಪೇಂಟರುಗಳನ್ನು ವಿಚಾರಿಸಿದಳು. ಬಣ್ಣ ಬಳಿಸಿದ್ದವರ ಪೈಕಿ, ಆರೋಗ್ಯವಾಗಿದ್ದ ಮಕ್ಕಳ ತಾಯಂದಿರಲ್ಲಿ ಹತ್ತಕ್ಕೆ ನಾಲ್ವರು ಮರೆತಿದ್ದರು. ಉಬ್ಬಸದ ಮಕ್ಕಳ ತಾಯಂದಿರಿಗೆ ಬಣ್ಣದ ಡಬ್ಬದ ಮೇಲಿನ ಚಿತ್ರವೂ ನೆನಪಿತ್ತು. ಆ ಮರೆವಿಗೊಂದು ಅಳತೆ ಕೊಟ್ಟು, ಅಳತೆಯನ್ನು ತುಸು ಏರಿಸಿ ಇಳಿಸಿ, ಲೆಕ್ಕವನ್ನು ಮತ್ತೆ ಮತ್ತೆ ಹಾಕಿದಳು. ಎರಡು ಪಟ್ಟು ಇದ್ದದ್ದು ಕರಗಿ ಕರಗಿ ಹೆಚ್ಚುಕಡಿಮೆ ಸಮಕ್ಕೆ ಬಂದು ನಿಂತಿತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲಮ್ಮ!" ಎಂದರು ಮೇಲಧಿಕಾರಿ.

"ಇಲಿಯಾದ್ರೂ ನಿಜವಾದ ಇಲಿ, ಸರ್."

ಅವರು ಮುಖ ಊದಿಸಿಕೊಂಡೇ ವರದಿಗೆ ಒಪ್ಪಿಗೆ ಕೊಟ್ಟರು. ಪೇಪರಿನಲ್ಲಿ ಹೆಸರು ಬರುವ ಯೋಗ ತಪ್ಪಿತು, ನಿಜ. ಆದರೂ ಬಹಳ ದಿನಗಳ ಮೇಲೆ ಅವಳಿಗೆ ಗಡದ್ದಾಗಿ ಹಸಿವಾಯಿತು.

ಸಂಜೆ ಅಕ್ಕ ಬಟ್ಟೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಳು. "ಹಾಗಾದ್ರೆ ನನ್ನಿಂದ ಆಗಿದ್ದಲ್ವಾ?"

"ಬಣ್ಣದಿಂದ ಏನೇನೂ ಆಗಲ್ಲ ಅಂತ ಆಣೆ ಮಾಡೋಕಾಗಲ್ಲಕ್ಕ. ಆದ್ರೆ ಮಕ್ಕಳು ಆರೋಗ್ಯವಾಗಿರೋ ಮನೆಗಳಲ್ಲೂ ಅಷ್ಟೇ ಜನ ಬಳಿಸಿದ್ರು. ನಾನೂ ಬಳಿಸಿದ್ದೆ. ನಾವು ಮರೆತ್ವಿ, ನೀನು ಮರೀಲಿಲ್ಲ."

ಮಗಳ ಪುಟ್ಟ ಲಂಗ ಅಕ್ಕನ ಮಡಿಲಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. ಅಳುವಿನ ನಡುವೆಯೇ ನಗುವೂ ಉಕ್ಕಿತು.

"ಲೇ, ಇಷ್ಟು ವರ್ಷ ನಿಮ್ಮೆಲ್ರ ಪಾಲಿಂದೂ ನಾನೊಬ್ಳೇ ನೆನಪಿಟ್ಕೊಂಡಿದ್ನೇನೇ?"