ಯಾರಿಗೂ ಹೇಳದೆ ಹುಡುಕಿದ ಕೆಲಸ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಬಾಯ್ಲರಣ್ಣ ಅಂತಲೇ ಕರೆಯೋದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕಟ್ಟಿಗೆ ಒಟ್ಟೋದು, ನೀರಿನ ಮಟ್ಟ ನೋಡೋದು, ಹಬೆ ಹೆಚ್ಚಾಗದಂತೆ ಕಮ್ಮಿಯಾಗದಂತೆ ಕಾಯೋದು. ಆ ಕೆಲಸದಲ್ಲಿ ಎತ್ತಿದ ಕೈ. ಆದರೆ ಬಾಯ್ಲರಿಗಿಂತ ಬೇಗ ಬಿಸಿಯಾಗುತ್ತಿದ್ದದ್ದು ಅವನ ತಲೆ.

ಒಂದು ದಿನ ಹಬೆ ಸಾಲದೆ ಬಟ್ಟೆಯ ಬಣ್ಣ ಕೆಟ್ಟಿತು. ಮೇಲ್ವಿಚಾರಕ ಎಲ್ಲರೆದುರು ಇವನಿಗೆ ಬೈದ. ಕಟ್ಟಿಗೆ ಹಸಿಯಿದ್ದು ಉರಿಯದೆ ಹಾಗಾಗಿತ್ತು, ಅದನ್ನು ತರಿಸಿದ್ದು ಆ ಮೇಲ್ವಿಚಾರಕನೇ. ಬಾಯ್ಲರಣ್ಣ ಕೈಗವಸು ಬಿಚ್ಚಿ ನೆಲಕ್ಕೆಸೆದ. "ನಿನ್ನ ಕೆಲಸ ನೀನೇ ಇಟ್ಕೋ" ಅಂತ ಹೊರಟುಬಂದ. ಬೇರೆ ಕೆಲಸ ನೋಡಿಕೊಂಡಿರಲಿಲ್ಲ. ಅನುಭವ ಪತ್ರವನ್ನೂ ಕೇಳಲಿಲ್ಲ.

ಹೆಂಡತಿ ತಲೆ ಮೇಲೆ ಕೈ ಹೊತ್ತಳು. "ಏನ್ರೀ ಇದು? ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?"

"ಕೈಯಲ್ಲಿ ಕಸುಬಿದೆ ಕಣೇ. ಕರೆದು ಕೆಲಸ ಕೊಡ್ತಾರೆ. ಯಾರ ಹತ್ರನೂ ಬಾಯಿ ಬಿಡಬೇಡ. ಅಕ್ಕನಿಗಂತೂ ಬೇಡವೇ ಬೇಡ. ಭಾವ ಆಡ್ಕೊಂಡು ನಗ್ತಾನೆ."

ಅವಳಿಗೂ ಅದೇ ಸರಿ ಅನ್ನಿಸಿತು. ಬೀದಿಯವರ ಬಾಯಿಗೆ ಯಾಕೆ ಬೀಳಬೇಕು? ಬೆಳಗಾದರೆ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಅವನು ಎಂದಿನಂತೆ ಹೊರಡುತ್ತಿದ್ದ, ಬಸ್ ನಿಲ್ದಾಣದ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಊಟ ಮಾಡಿ, ಸಂಜೆ ಬರುತ್ತಿದ್ದ. ಬಾಗಿಲಲ್ಲಿ ಅವನ ಮುಖ ನೋಡಿದರೆ ಸಾಕು, ಅವಳು ಡಬ್ಬಿ ಇಸಿದುಕೊಂಡು ಒಳಗೆ ಹೋಗುತ್ತಿದ್ದಳು.

ಒಬ್ಬ ಕಂಟ್ರಾಕ್ಟರು ಹೇಳಿದ್ದ, "ನೋಡೋಣ, ಹೇಳಿ ಕಳಿಸ್ತೀನಿ." ಆ ಒಂದು ಮಾತು ನಂಬಿ ಬಾಯ್ಲರಣ್ಣ ಬೇರೆಲ್ಲೂ ಅರ್ಜಿ ಹಾಕಲಿಲ್ಲ. ಕಾದು ಕಾದು ಕೊನೆಗೆ ತಾನೇ ಹೋದ. ಕಂಟ್ರಾಕ್ಟರು ತಲೆಯೆತ್ತಿ, "ನೀನು ಯಾರಪ್ಪಾ?" ಅಂದ.

ಆಮೇಲೆ ಅರ್ಜಿ ಹಾಕಿದ ಒಂದು ಸೋಪಿನ ಕಾರ್ಖಾನೆಯವರು ಮಾತಿಗೆ ಕರೆದರು. ಅಲ್ಲಿನ ಅಧಿಕಾರಿ ಒಬ್ಬ ಹೆಂಗಸು. "ಹಳೇ ಕೆಲಸ ಯಾಕೆ ಬಿಟ್ರಿ?" ಅಂತ ಕೇಳಿದ್ದೇ ತಡ, ಮೇಲ್ವಿಚಾರಕನ ಜನ್ಮ ಜಾಲಾಡಿದ. ಕೇಳುತ್ತಾ ಕೇಳುತ್ತಾ ಆಕೆಯ ಮುಖದಲ್ಲಿದ್ದ ನಗು ಹೋಯಿತು.

"ನಮ್ಮದು ಗ್ಯಾಸ್ ಬಾಯ್ಲರು. ನಡೆಸಿ ಗೊತ್ತಾ?"

"ಓಹೋ, ಅದ್ರಲ್ಲೇ ಪಳಗಿದ್ದು ನಾನು!"

ಅವನು ಗ್ಯಾಸ್ ಬಾಯ್ಲರನ್ನು ಕಣ್ಣಲ್ಲೂ ಕಂಡಿರಲಿಲ್ಲ. ನಡೆಸಿ ತೋರಿಸು ಅಂತ ಒಳಗೆ ಕರೆದುಕೊಂಡು ಹೋದರು. ಯಾವ ಕೊಳವೆ ಎಲ್ಲಿಗೆ ಹೋಗುತ್ತೆ ಅಂತ ಕೇಳೋಕೆ ನಾಚಿಕೆ. ಅಂದಾಜಿನ ಮೇಲೆ ಒಂದು ವಾಲ್ವ್ ತಿರುಗಿಸಿದ. ಹಬೆ ನುಗ್ಗಿ ಬಲಗೈಗೆ ಹೊಡೆಯಿತು.

ಬೆಂದ ಕೈಗೆ ತಣ್ಣೀರು ಬಿಡಿಸುತ್ತಾ ಆಕೆ ಅಂದರು, "ಗೊತ್ತಿಲ್ಲ ಅಂದಿದ್ರೆ ಕಲಿಸ್ತಿದ್ವಿ. ಸುಳ್ಳು ಹೇಳಿ ಬಾಯ್ಲರ್ ಮುಂದೆ ನಿಂತ್ರೆ ಜನ ಸಾಯ್ತಾರೆ ಕಣಪ್ಪಾ."

ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವನ ಅಕ್ಕ ಕೆಲಸ ಮಾಡುವುದು ಅದೇ ಆಸ್ಪತ್ರೆಯಲ್ಲಿ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ. ಸುದ್ದಿ ತಿಳಿದು ಒದ್ದೆ ಕೈಯಲ್ಲೇ ಓಡಿಬಂದಳು. ಹಿಂದೆಯೇ ಭಾವನೂ ಬಂದ.

"ಯಾಕೋ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಏನ್ ಮಾಡ್ತಿದ್ದೆ ಅಕ್ಕಾ?"

ಅಕ್ಕ ಮಂಚದ ಅಂಚಿಗೆ ಕುಸಿದು ಕೂತಳು. "ನಮ್ಮಲ್ಲಿ ಬಟ್ಟೆ ಬೇಯಿಸೋಕೆ ಇರೋ ಬಾಯ್ಲರ್ ನೋಡೋನು ಕೆಲಸ ಬಿಟ್ಟು ಹೋದ. ಕಟ್ಟಿಗೆದೇ ಬಾಯ್ಲರು ಕಣೋ, ನಿನಗೆ ಅಂಗೈ ಮೇಲಿನ ನೆಲ್ಲಿಕಾಯಿ. ಗೊತ್ತಿರೋರು ಇದ್ರೆ ಹೇಳಮ್ಮಾ ಅಂತ ಸಾಹೇಬ್ರು ಎಷ್ಟು ಸಲ ಕೇಳಿದ್ರು! ನನ್ನ ತಮ್ಮ ಇದ್ದಾನೆ, ಆದ್ರೆ ಅವನಿಗೆ ಒಳ್ಳೇ ಕೆಲಸ ಇದೆ, ಅವನ್ಯಾಕೆ ಬರ್ತಾನೆ ಅಂದ್ಬಿಟ್ಟೆ. ಹೆಮ್ಮೆಯಿಂದ ಅಂದೆ ಕಣೋ."

"ಈಗ?"

"ಹೋದ ವಾರ ಬೇರೆಯವನು ಸೇರ್ಕೊಂಡ."

ಬಾಯ್ಲರಣ್ಣ ಗೋಡೆ ಕಡೆ ತಿರುಗಿ ಮಲಗಿದ. ಭಾವ ನಗಲಿಲ್ಲ. "ನನಗೆ ಹೆದರಿ ಹೇಳ್ಲಿಲ್ವಾ?" ಅಂತ ಕೇಳಿದ. ಕೇಳಿ ತಾನೇ ತಲೆ ತಗ್ಗಿಸಿದ.

"ಎಲ್ಲಾ ಮುಗೀತು ಅಕ್ಕಾ. ಈ ಕೈಗೆ ಇನ್ಯಾರು ಕೆಲಸ ಕೊಡ್ತಾರೆ?"

"ಕೊಡ್ತಾರೋ ಬಿಡ್ತಾರೋ ನನಗೆ ಗೊತ್ತಿಲ್ಲ," ಅಂದಳು ಅಕ್ಕ. "ಸುಳ್ಳು ಸಮಾಧಾನ ಹೇಳಲ್ಲ. ಆದ್ರೆ ಇನ್ಮೇಲೆ ಸರಿಯಾಗಿ ಹುಡುಕು. ಮೊದಲು ಹಳೇ ಕಾರ್ಖಾನೆಗೆ ಹೋಗಿ ಅನುಭವ ಪತ್ರ ಕೇಳು."

"ಆ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲಬೇಕಾ?"

"ಅದೇನು ಅವನ ಅಪ್ಪನ ಮನೆ ಆಸ್ತೀನಾ? ನೀನು ದುಡಿದದ್ದಕ್ಕೆ ಸಾಕ್ಷಿ ಅದು. ಒಂದೇ ಬಾಗಿಲು ಕಾಯ್ತಾ ಕೂರಬೇಡ, ಹತ್ತು ಕಡೆ ಕೇಳು. ಯಾಕೆ ಬಿಟ್ಟೆ ಅಂದ್ರೆ, ಹೊಂದಾಣಿಕೆ ಆಗ್ಲಿಲ್ಲ ಅನ್ನು, ಅಷ್ಟು ಸಾಕು. ಗೊತ್ತಿರೋ ಕೆಲಸ ಗೊತ್ತು ಅನ್ನು, ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನು."

ಅವನ ಹೆಂಡತಿಯೂ ಸುದ್ದಿ ತಿಳಿದು ಬಂದು ಮಂಚದ ಪಕ್ಕ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬೀದಿಯವರಿಗೆ ನಾನೇ ಹೇಳ್ತೀನಿ ಅತ್ತಿಗೆ," ಅಂದಳು. ಮಾರನೇ ದಿನ ನಲ್ಲಿ ಹತ್ತಿರ ಕೊಡ ಇಳಿಸಿ, "ನಮ್ಮವರಿಗೆ ಕೆಲಸ ಇಲ್ಲ. ಎಲ್ಲಾದ್ರೂ ಇದ್ರೆ ಹೇಳ್ರಮ್ಮಾ," ಅಂದಳು. ಒಬ್ಬಿಬ್ಬರು ಮೂಗು ಮುರಿದರು. ಉಳಿದವರು, ಅಯ್ಯೋ ಮೊದಲೇ ಹೇಳಬಾರದಿತ್ತಾ ಅಂದರು.

ಬಾಯ್ಲರಣ್ಣ ಹಳೇ ಕಾರ್ಖಾನೆಗೂ ಹೋದ. ಮೇಲ್ವಿಚಾರಕ ಮಧ್ಯಾಹ್ನದ ತನಕ ಗೇಟಿನಲ್ಲೇ ನಿಲ್ಲಿಸಿ, ಮುಖ ನೋಡದೆ ಅನುಭವ ಪತ್ರ ಕೊಟ್ಟ. ಇವನು ನಮಸ್ಕಾರ ಹೇಳಿ ತಗೊಂಡ. ಆಚೆ ಬಂದು ಅತ್ತನಂತೆ.

ಕೆಲಸ ಇನ್ನೂ ಸಿಕ್ಕಿಲ್ಲ. ಸಿಕ್ಕಿತು ಅಂತ ಕಥೆ ಮುಗಿಸೋ ಆಸೆ ನನಗೂ ಇತ್ತು. ಬಲಗೈ ಬೆರಳು ಪೂರ್ತಿ ಮಡಚೋಕೆ ಬರ್ತಿಲ್ಲ. ಆದರೂ ದಿನಾ ಹೊರಡ್ತಾನೆ. ಎಲ್ಲಿಗೆ ಹೊರಟೆ ಅಂದ್ರೆ, ಕೆಲಸ ಕೇಳೋಕೆ ಅಂತ ಬಾಯಿಬಿಟ್ಟು ಹೇಳ್ತಾನೆ.

ಕೇಳ್ತಾ ಇರೋ ಅಣ್ಣಂದಿರೇ, ಅಕ್ಕಂದಿರೇ, ಇನ್ನೊಂದು ಕೆಲಸ ಕೈಗೆ ಬರೋ ಮುಂಚೆ ಸಿಟ್ಟಿನಲ್ಲಿ ಇದ್ದದ್ದನ್ನ ಬಿಡಬೇಡಿ. ಗೊತ್ತಿಲ್ಲದ ಕೆಲಸ ಗೊತ್ತು ಅನ್ನಬೇಡಿ. ಕೆಲಸ ಹೋಗಿದ್ರೆ ಮುಚ್ಚಿಡಬೇಡಿ, ಇವತ್ತೇ ನಿಮ್ಮವರಿಗೆ ಹೇಳಿ. ಇಲ್ಲದಿದ್ರೆ ನಿಮಗೆ ಸಿಗಬೇಕಾದ ಕೆಲಸವನ್ನ ನಿಮ್ಮ ಅಕ್ಕನೇ, ನಿಮ್ಮ ಮೇಲಿನ ಹೆಮ್ಮೆಗೆ, ಬೇಡ ಅಂದುಬಿಟ್ಟಾಳು.